ತಾಯಿಯದೋ, ಕೂಸಿನದೋ

ನನ್ನ ರಕ್ತ ಬೇಕೆಂದು ಕೇಳಿಕೊಂಡು ಆ ಹುಡುಗಿ ನಮ್ಮ ಟಿಳಕವಾಡಿಯ ಮನೆಗೆ ಬಂದಾಗ ಮಗಳಿಗೆ ಐದು ತುಂಬಿತ್ತು. ಬೆಳಗಾವಿಯ ಒಂದು ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದವಳು. ಮಗಳನ್ನು ನೋಡುವ ಕಣ್ಣಿನ ಡಾಕ್ಟರರು ಮೊದಲೇ ಫೋನ್ ಮಾಡಿ, ಇಂಥವರು ಬರಬಹುದೇ ಎಂದು ಕೇಳಿದ್ದರು. ಬರಲಿ ಅಂದಿದ್ದೆ. ಬಂದವಳು ಚಪ್ಪಲಿ ಹೊರಗೆ ಬಿಟ್ಟು ಬಾಗಿಲಲ್ಲೇ ನಿಂತಳು. ಅತ್ತೆ ನಡುಮನೆಯಲ್ಲಿ ಕುಳಿತು ಕೊತ್ತಂಬರಿ ಸೋಸುತ್ತಿದ್ದರು.

"ಒಳಗ ಬಾರವ್ವಾ, ಕುಂದರು," ಎಂದರು ಅತ್ತೆ. "ಯಾವೂರು?"

"ನಂದಗಡರಿ ಅಜ್ಜಿ. ನಮ್ಮಪ್ಪಂದು ಕುರಿ ಅದಾವು."

ಚಹಾ ಕುಡಿದ ಮೇಲೆ ವಿಷಯಕ್ಕೆ ಬಂದಳು. ಟಾಕ್ಸೋಪ್ಲಾಸ್ಮಾ ಎಂಬ ರೋಗದ ಜೀವಿಯ ಮೈಮೇಲಿನ ಪ್ರೋಟೀನುಗಳನ್ನು ಅವಳು ಪ್ರಯೋಗಾಲಯದಲ್ಲಿ ತಯಾರಿಸುತ್ತಿದ್ದಳು. ಅವುಗಳಿಂದ ಹೊಸ ರಕ್ತಪರೀಕ್ಷೆಯೊಂದನ್ನು ಕಟ್ಟಬೇಕು, ಸಾಧ್ಯವಾದರೆ ಲಸಿಕೆಯನ್ನೂ. ಪರೀಕ್ಷೆ ಸರಿಯಾಗಿದೆಯೇ ಎಂದು ನೋಡಲು, ಆ ರೋಗ ಬಂದಿದ್ದು ಖಚಿತವಾಗಿರುವವರ ರಕ್ತ ಬೇಕು. ಅಂಥ ತಾಯಿ ಮತ್ತು ಮಗು ಒಂದೇ ಮನೆಯಲ್ಲಿ ಸಿಗುವುದು ಅಪರೂಪ.

ಅತ್ತೆಯ ಕೈ ನಿಂತಿತು. "ಇದರಿಂದ ನನ್ನ ಮೊಮ್ಮಗಳ ಕಣ್ಣು ಸುದ್ದ ಆಗತಾವೇನು?"

"ಇಲ್ರೀ ಅಜ್ಜಿ."

"ತಲಿಯೊಳಗಿಂದು?"

"ಅದೂ ಆಗೂದಿಲ್ರಿ. ಮುಂದ ಹುಟ್ಟೋ ಕೂಸುಗಳಿಗೆ ರೋಗ ಐತೋ ಇಲ್ಲೋ ಅಂತ ಲಗೂನ ತಿಳೀಬೇಕು, ಅದಕ್ಕರಿ."

ಅತ್ತೆ ಕೊತ್ತಂಬರಿಯ ಮೊರ ಎತ್ತಿಕೊಂಡು ಅಡಿಗೆಮನೆಗೆ ಹೋಗಿಬಿಟ್ಟರು. ಹುಡುಗಿ ತಲೆ ತಗ್ಗಿಸಿದಳು. ಒಂದು ಸುಳ್ಳಾದರೂ ಹೇಳಬಹುದಿತ್ತು, ನೋಡೋಣ ಅನ್ನಬಹುದಿತ್ತು. ಹೇಳಲಿಲ್ಲ. ಐದು ವರ್ಷ ಎಲ್ಲರೂ ನಮಗೆ ನೋಡೋಣ, ನೋಡೋಣ ಎಂದೇ ಹೇಳಿದ್ದರು. ಬಹುಶಃ ಅದಕ್ಕೇ ಆ ಹುಡುಗಿಗೆ ನಾನು ಹೂಂ ಅಂದೆ.

ನಮಗೆ ಮದುವೆಯಾದ ಹೊಸತರಲ್ಲಿ ನಾವಿಬ್ಬರೂ ಖಾನಾಪುರದಲ್ಲಿದ್ದೆವು. ನನ್ನವರು ಭೂಮಾಪನದ ಕೆಲಸದಲ್ಲಿದ್ದರು. ನಾನು ಜಾಂಬೋಟಿ ಹಾದಿಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮಕ್ಕಳು ಮನೆಯಲ್ಲಿ ಮರಾಠಿ ಆಡುವವರು, ಶಾಲೆಯಲ್ಲಿ ನನ್ನೊಡನೆ ಕನ್ನಡ ಆಡಲು ಮನಸ್ಸು ಬಂದರೆ ಆಡುವವರು. ಮಳೆಗಾಲ ಮುಗಿದೊಡನೆ ಶಾಲೆಯ ಹಿಂದಿನ ಜಾಗದಲ್ಲಿ ಕೈತೋಟ ಮಾಡುತ್ತಿದ್ದೆವು. ಮೆಂತ್ಯ, ಮೂಲಂಗಿ, ಬದನೆ. ನಾನು ಸೀರೆ ಎತ್ತಿಕಟ್ಟಿ ಮಕ್ಕಳ ಜೊತೆ ಬರಿಗೈಯಲ್ಲಿ ಮಣ್ಣು ಕೆದರುತ್ತಿದ್ದೆ. ಬಿಸಿಯೂಟದ ಅಕ್ಕಿ ಇಡುವ ಕೋಣೆಯಲ್ಲಿ ಇಲಿ ಹೆಚ್ಚಾಗಿ, ಅಡಿಗೆ ಮಾಡುವ ಹೆಂಗಸು ಎರಡು ಬೆಕ್ಕು ತಂದು ಬಿಟ್ಟಿದ್ದಳು. ಅವು ಮೆತ್ತಗಿನ ಮಣ್ಣು ಹುಡುಕಿಕೊಂಡು ನಮ್ಮ ಮೆಂತ್ಯದ ಮಡಿಗೇ ಬರುತ್ತಿದ್ದವು. "ಬಾಈ, ಮಾಂಜರ!" ಎಂದು ಮಕ್ಕಳು ಮರಾಠಿಯಲ್ಲಿ ನನ್ನನ್ನು ಕೂಗಿ ಬೆಕ್ಕುಗಳನ್ನು ಓಡಿಸುತ್ತಿದ್ದರು. ಮಡಿಯಲ್ಲಿ ಒಂದೆರಡು ಕಡೆ ಮಣ್ಣು ಕೆದರಿ ಮುಚ್ಚಿದ ಗುರುತಿರುತ್ತಿತ್ತು. ಆ ಮಣ್ಣನ್ನು ನಾನು ಕೈಯಿಂದಲೇ ಸರಿಮಾಡುತ್ತಿದ್ದೆ.

ರೋಗ ಬಂದದ್ದು ಅಲ್ಲಿಂದಲೇ ಎಂದು ಖಚಿತವಾಗಿ ಹೇಳಲಾರೆ. ನಮ್ಮ ಬಾಡಿಗೆ ಮನೆಯ ಬಾವಿ ತೆರೆದದ್ದಾಗಿತ್ತು. ಸಂತೆಯಿಂದ ತಂದ ಸೊಪ್ಪು ಯಾವ ಹೊಲದ್ದೋ. ಬೆಕ್ಕಿನ ಹೊಲಸು ಸೇರಿದ ಮಣ್ಣು, ನೀರು, ಸೊಪ್ಪು ಯಾವುದರಿಂದಲೂ ಇದು ಬರಬಹುದು ಎಂದು ಮುಂದೆ ಡಾಕ್ಟರರು ಹೇಳಿದರು. ಯಾವುದರಿಂದ ಬಂತೆಂದು ಯಾರೂ ಹೇಳಲಾರರು ಎಂದೂ ಹೇಳಿದರು.

ಬಸಿರಿನ ನಾಲ್ಕನೆಯ ತಿಂಗಳಲ್ಲಿ ನನಗೆ ಸಣ್ಣ ಜ್ವರ ಬಂತು. ಕಿವಿಯ ಹಿಂದೆ, ಕುತ್ತಿಗೆಯಲ್ಲಿ ಹುಣಸೆಬೀಜದಂಥ ಗಂಟುಗಳು. ನೋಯುತ್ತಿರಲಿಲ್ಲ. ಊರಿನ ಡಾಕ್ಟರರು ವೈರಲ್ ಅಂದರು. ಒಂದು ವಾರದಲ್ಲಿ ಜ್ವರ ಹೋಯಿತು, ನಾನು ಶಾಲೆಗೆ ಹೋದೆ. ಅಷ್ಟೇ. ಆ ಜ್ವರವನ್ನು ನಾನು ಮರೆತೇಬಿಟ್ಟಿದ್ದೆ.

ಏಳನೆಯ ತಿಂಗಳ ಸ್ಕ್ಯಾನಿಂಗಿಗೆ ಬೆಳಗಾವಿಗೆ ಬಂದಾಗ ಪರದೆ ನೋಡುತ್ತಿದ್ದ ಡಾಕ್ಟರಮ್ಮ ಒಂದೇ ಜಾಗವನ್ನು ಮತ್ತೆ ಮತ್ತೆ ನೋಡಿದರು. ಕೂಸಿನ ಮೆದುಳಿನೊಳಗಿನ ನೀರಿನ ಜಾಗ ಸ್ವಲ್ಪ ಹಿಗ್ಗಿದೆ ಎಂದರು. ರಕ್ತ ತೆಗೆಸಿದರು. ವರದಿಯಲ್ಲಿ ಟಾಕ್ಸೋಪ್ಲಾಸ್ಮಾದ ಒಂದು ಪರೀಕ್ಷೆ ಪಾಸಿಟಿವ್, ಈಗಷ್ಟೇ ಬಂದದ್ದೋ ಎಂದು ತಿಳಿಸುವ ಇನ್ನೊಂದು ಪರೀಕ್ಷೆ ಅನುಮಾನಾಸ್ಪದ ಎಂದಿತ್ತು.

"ಮಾಂಸ ತಿಂತೀರೇನು? ಸರಿಯಾಗಿ ಬೇಯಿಸದೆ ಇದ್ದದ್ದು?" ಎಂದು ಕೇಳಿದರು ಡಾಕ್ಟರಮ್ಮ.

ಪಕ್ಕದಲ್ಲಿ ಕುಳಿತಿದ್ದ ಅತ್ತೆಯ ಮುಖ ಕೆಂಪಾಯಿತು. "ನಾವು ಲಿಂಗವಂತರರೀ. ಕೊರಳಾಗ ಲಿಂಗ ಐತಿ. ಹಿಂಥಾ ಮಾತು ಕೇಳಬ್ಯಾಡ್ರಿ."

"ಹಾಗಾದರೆ ಹಳೇ ಸೋಂಕು ಇರಬಹುದು. ನೋಡೋಣ," ಎಂದರು ಡಾಕ್ಟರಮ್ಮ.

ಟಿಳಕವಾಡಿಯ ಮನೆಗೆ ಬಂದ ಮೇಲೆ ಅತ್ತೆ ನನ್ನನ್ನು ದೇವರ ಕೋಣೆಗೆ ಕರೆದರು. ಬಾಗಿಲು ಹಾಕಿದರು. ಅವರು ಎಂದೂ ನನ್ನ ಮೇಲೆ ದನಿ ಎತ್ತಿದವರಲ್ಲ, ಅಂದೂ ಎತ್ತಲಿಲ್ಲ.

"ಖರೇ ಹೇಳು. ನಾ ಯಾರ ಮುಂದೂ ಆಡೂದಿಲ್ಲ. ಖಾನಾಪುರದಾಗ ಯಾರದರ ಮನ್ಯಾಗ ಏನರ ತಿಂದೀಯೇನು?"

"ಇಲ್ರೀ ಅತ್ತಿ."

"ಸಾಲ್ಯಾಗಿನ ಮಂದಿ ಕೂಡ?"

"ಇಲ್ರಿ. ಲಿಂಗದಾಣಿ."

ಅವರು ನನ್ನ ಮುಖವನ್ನೇ ನೋಡುತ್ತಾ ನಿಂತರು. ನಂಬಿದರೋ ಬಿಟ್ಟರೋ ಇಂದಿಗೂ ನನಗೆ ತಿಳಿಯದು. ಬಾಗಿಲು ತೆಗೆದು ಹೊರಗೆ ಹೋದರು. ಮಗಳ ರೋಗ ಹೊರಬಿದ್ದ ಮೇಲೆ, ಸೊಪ್ಪಿನಿಂದಲೂ ಬರಬಹುದೆಂದು ಡಾಕ್ಟರರು ಬಿಡಿಸಿ ಹೇಳಿದಂದಿನಿಂದ, ಅವರು ಮನೆಗೆ ತಂದ ಸೊಪ್ಪನ್ನೆಲ್ಲ ಎಲೆಎಲೆಯಾಗಿ ಉಪ್ಪುನೀರಿನಲ್ಲಿ ತೊಳೆಯುತ್ತಾರೆ. ಕ್ಷಮೆ ಕೇಳುವ ಮಾತು ನಮ್ಮ ನಡುವೆ ಬಂದಿಲ್ಲ.

ಮಗಳು ಹುಟ್ಟಿದಾಗ ನೋಡುವುದಕ್ಕೆ ಚೆನ್ನಾಗಿಯೇ ಇದ್ದಳು. ತೂಕ ಸ್ವಲ್ಪ ಕಡಿಮೆ, ತಲೆ ಇದ್ದರೆ ಒಂದು ಎಳ್ಳಷ್ಟು ದೊಡ್ಡದು. ಅವಳ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು. ಅದೂ ಪಾಸಿಟಿವ್ ಬಂತು. ಆದರೆ ಮಕ್ಕಳ ಡಾಕ್ಟರರು ಸಮಾಧಾನದಿಂದ ವಿವರಿಸಿದರು. ರೋಗ ಬಂದವರ ರಕ್ತದಲ್ಲಿ ಅದರ ವಿರುದ್ಧ ಪ್ರತಿಕಾಯಗಳು ಇರುತ್ತವೆ. ತಾಯಿಯ ಪ್ರತಿಕಾಯಗಳು ಹೊಕ್ಕುಳ ದಾರಿಯಿಂದ ಕೂಸಿಗೆ ಹೋಗುತ್ತವೆ. ಪರೀಕ್ಷೆ ಹಿಡಿಯುತ್ತಿರುವುದು ಅವುಗಳನ್ನೇ ಇರಬೇಕು. ಕೂಸು ತಾನೇ ತಯಾರಿಸಿದ್ದಾಗಿದ್ದರೆ ಎರಡನೆಯ ಪರೀಕ್ಷೆಯೂ ಪಾಸಿಟಿವ್ ಬರಬೇಕಿತ್ತು, ಬಂದಿಲ್ಲ.

"ತಾಯಿದು ಬಂದಿರತೈತಿ. ವರ್ಷ ತುಂಬೂದ್ರಾಗ ತಾನ ಹೋಗತೈತಿ. ಚಿಂತಿ ಮಾಡಬ್ಯಾಡ್ರಿ," ಎಂದರು.

ನಾವು ಚಿಂತೆ ಬಿಟ್ಟೆವು. ತೊಟ್ಟಿಲು ಶಾಸ್ತ್ರ ಮಾಡಿದೆವು.

ಅವಳಿಗೆ ನಾಲ್ಕು ತಿಂಗಳಾದಾಗ, ಕಿಟಕಿಯ ಬಳಿ ಮಲಗಿಸಿದರೆ ಅವಳು ಬೆಳಕಿನ ಕಡೆ ನೋಡುತ್ತಿಲ್ಲ ಎಂದು ನನಗೆ ಅನ್ನಿಸತೊಡಗಿತು. ಗಿಲಕಿ ಆಡಿಸಿದರೆ ಸಪ್ಪಳದ ಕಡೆ ಕಿವಿ ತಿರುಗಿಸುತ್ತಿದ್ದಳು, ಕಣ್ಣಲ್ಲ. ಕಣ್ಣಿನ ಡಾಕ್ಟರರು ಹನಿ ಹಾಕಿ, ದೀಪ ಹಿಡಿದು ಬಹಳ ಹೊತ್ತು ನೋಡಿದರು. ಎಡಗಣ್ಣಿನ ಪರದೆಯ ನಡುಮಧ್ಯದಲ್ಲಿ ದೊಡ್ಡ ಕಲೆ. ಬಲಗಣ್ಣಿನಲ್ಲಿಯೂ ಕಲೆ, ಆದರೆ ನಡುವಿನಿಂದ ತುಸು ಪಕ್ಕಕ್ಕೆ. ತಲೆಯ ಸ್ಕ್ಯಾನಿಂಗಿನಲ್ಲಿ ಮೆದುಳಿನ ತುಂಬ ಸುಣ್ಣದ ಚುಕ್ಕೆಗಳು. ನೀರು ಒತ್ತುತ್ತಿತ್ತು.

ಆ ನಾಲ್ಕು ತಿಂಗಳೂ ಆ ಜೀವಿ ಅವಳೊಳಗೆ ಬೆಳೆಯುತ್ತಿತ್ತು. ನಾವು ಚಿಂತೆ ಬಿಟ್ಟು ಕುಳಿತಿದ್ದ ನಾಲ್ಕು ತಿಂಗಳು.

ತಲೆಯಿಂದ ಹೊಟ್ಟೆಗೆ ನೀರು ಇಳಿಸುವ ಸಣ್ಣ ಕೊಳವೆಯನ್ನು ಚರ್ಮದ ಕೆಳಗೆ ಹಾಕಿದರು. ಒಂದು ವರ್ಷ ಔಷಧ. ಮಾತ್ರೆಗಳನ್ನು ಪುಡಿ ಮಾಡಿ, ಎದೆಹಾಲಲ್ಲಿ ಕಲಸಿ, ಕಹಿ ಉಗುಳುವ ಕೂಸಿನ ಬಾಯಿಗೆ ಬೆರಳಿನಿಂದ ಸವರುವುದು. ಆ ಮಾತ್ರೆ ರಕ್ತವನ್ನೇ ಕಡಿಮೆ ಮಾಡಬಲ್ಲದಾದ್ದರಿಂದ ಮೇಲಿಂದ ಮೇಲೆ ರಕ್ತ ತೆಗೆಸುವುದು. ಬಿಳಿ ಕೋಟು ಕಂಡರೆ ಅಲ್ಲ, ಸ್ಪಿರಿಟ್ಟಿನ ವಾಸನೆ ಬಂದರೆ ಸಾಕು, ಅವಳು ಚೀರುತ್ತಿದ್ದಳು. ಎರಡು ವರ್ಷ ದಾಟಿದ ಮೇಲೆ ಸೆಳವು ಬರಲು ಶುರುವಾಯಿತು. ನನ್ನವರು ಬೆಳಗಾವಿಗೆ ವರ್ಗ ಮಾಡಿಸಿಕೊಂಡರು, ನಾನು ಸಂಬಳವಿಲ್ಲದ ರಜೆ ಹಾಕಿದೆ. ಅವಳು ತಡವಾಗಿ ನಡೆದಳು, ತಡವಾಗಿ ಮಾತಾಡಿದಳು. ಆದರೆ ಮಾತು ಬಂದ ಮೇಲೆ ನಿಲ್ಲಿಸಲಿಲ್ಲ. ಬಲಗಣ್ಣಿಗೆ ತೀರ ಹತ್ತಿರ ಹಿಡಿದರೆ ಬಣ್ಣ, ಚಿತ್ರ, ದೊಡ್ಡ ಅಕ್ಷರ ಕಾಣುತ್ತಿತ್ತು. ಅಷ್ಟರಲ್ಲಿ ನಾವು ಬದುಕುವುದನ್ನು ಕಲಿತಿದ್ದೆವು.

ಆ ಹೊತ್ತಿಗೆ ಬಂದವಳು ನಂದಗಡದ ಹುಡುಗಿ.

ನನ್ನವರು ಒಪ್ಪಲಿಲ್ಲ. "ನಿನ್ನ ರಕ್ತ ನಿನ್ನ ಮರ್ಜಿ. ಅಕಿ ಕೈಗೆ ಇನ್ನೊಂದು ಸೂಜಿ ಚುಚ್ಚಗೊಡೂದಿಲ್ಲ ನಾ," ಎಂದರು. ಹೇಗೂ ಸೆಳವಿನ ಔಷಧದ ಸಲುವಾಗಿ ಅವಳ ರಕ್ತ ತೆಗೆಸಬೇಕಿತ್ತು, ಅದರಲ್ಲೇ ಉಳಿದದ್ದನ್ನು ಕೊಡುವುದೆಂದು ಆಮೇಲೆ ಮಾತಾಯಿತು.

ಮೊದಲ ಸಲ ನಾನು ಪ್ರಯೋಗಾಲಯಕ್ಕೆ ಹೋದಾಗ ಮಗಳನ್ನೂ ಕರೆದುಕೊಂಡು ಹೋಗಿದ್ದೆ. ಹುಡುಗಿ ಅವಳ ಕೈಗೆ ಬಳಸದ ಒಂದು ಪ್ಲಾಸ್ಟಿಕ್ ತಟ್ಟೆ ಕೊಟ್ಟಳು. ಅಂಗೈಗಿಂತ ದೊಡ್ಡದು, ಸಾಲುಸಾಲಾಗಿ ಸಣ್ಣ ಕುಳಿಗಳು. ಮಗಳು ಅದನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು.

"ಇದು ಇಡ್ಲಿ ಸ್ಟ್ಯಾಂಡ್ ಏನು?"

"ಅಲ್ಲವ್ವಾ."

"ಇರುವಿಗೆ ಇಡ್ಲಿ ಮಾಡೂದು!"

ಹುಡುಗಿ ನಕ್ಕಳು. ನಾನೂ ನಕ್ಕೆ. ಆಮೇಲೆ ಅವಳು ಕೆಲಸದ ತಟ್ಟೆಯೊಂದನ್ನು ನನಗೆ ದೂರದಿಂದ ತೋರಿಸಿದಳು. ಕುಳಿಗಳ ತಳಕ್ಕೆ ಅವಳು ತಯಾರಿಸಿದ ಪ್ರೋಟೀನು ಅಂಟಿಸಿದೆ. ಅದರ ಮೇಲೆ ರಕ್ತದ ತಿಳಿ ಹಾಕಿದರೆ, ಅದರಲ್ಲಿ ಪ್ರತಿಕಾಯ ಇದ್ದರೆ ಹಿಡಿದುಕೊಳ್ಳುತ್ತದೆ. ಕೊನೆಗೆ ಬಣ್ಣದ ನೀರು ಹಾಕಿದಾಗ ಹಿಡಿದುಕೊಂಡ ಕುಳಿಗಳು ಮಾತ್ರ ಹಳದಿಯಾಗುತ್ತವೆ. ಹೆಚ್ಚಿನ ಕುಳಿಗಳು ನೀರಿನಂತೆ ಇದ್ದವು. ಒಂದು ಮೂಲೆಯಲ್ಲಿ ಅರಿಷಿಣದಂತೆ ಗಾಢ ಹಳದಿ.

"ಅದು ನಿಮ್ದರಿ ಅಕ್ಕಾರ," ಎಂದಳು.

ನಾನು ಕೇಳಿದೆ: "ನನ್ನ ಮಗಳು ಹುಟ್ಟಿದಾಗ ತಾಯಿದು ಬಂದೈತಿ ಅಂದಿದ್ರು. ನಿನ್ನ ಪರೀಕ್ಷೆ ಆವಾಗ ಇದ್ದಿದ್ರ?"

ಅವಳು ತಟ್ಟೆಯನ್ನು ಕೆಳಗಿಟ್ಟು ಹೇಳಿದಳು. "ಹಳೇ ಪರೀಕ್ಷೆದಾಗ ಆ ಜೀವಿನ್ನ ಪೂರಾ ಅರದು ಹಾಕತಾರರಿ. ಎಲ್ಲಾ ಕೂಡೇ ಇರತೈತಿ. ಯಾವುದಕ್ಕ ಏನು ಅಂಟಿತು ಗೊತ್ತಾಗೂದಿಲ್ಲ. ನಾವು ಮೈಮ್ಯಾಲಿನ ಪ್ರೋಟೀನು ಒಂದೊಂದ ಬ್ಯಾರೆ ಬ್ಯಾರೆ ಇಡತೇವಿ. ತಾಯಿದು, ಕೂಸಿಂದು ಬಾಜೂಬಾಜೂಕ ಹಚ್ಚತೇವಿ. ಬರೇ ತಾಯಿದ ಬಂದಿದ್ರ ಇಬ್ಬರದೂ ಒಂದ ನಮೂನಿ ಕಾಣತೈತಿ. ಕೂಸು ತಾನ ಮಾಡಿದ್ರ ಬ್ಯಾರೆ ನಮೂನಿ."

"ಅಂದ್ರ ತಿಳೀತಿತ್ತು."

"ತಿಳೀಬಹುದಿತ್ತರಿ. ಖರೇನ ಹೇಳಾಕ ಬರೂದಿಲ್ಲ."

ಆಟೋದಲ್ಲಿ ಮನೆಗೆ ಬರುವಾಗ ಮಗಳು ಇರುವೆಗಳ ಊಟದ ಬಗ್ಗೆ ಏನೇನೋ ಹೇಳುತ್ತಿದ್ದಳು. ನನಗೆ ಒಂದೂ ಕೇಳಿಸಲಿಲ್ಲ.

ಮುಂದೆ ಒಂದೂವರೆ ವರ್ಷ, ಅವಳು ಕರೆದಾಗಲೆಲ್ಲ ಹೋಗಿ ರಕ್ತ ಕೊಟ್ಟೆ. ಹೋದಾಗ ಅವಳ ಊರಿನ ಸುದ್ದಿ, ನಮ್ಮ ಮನೆಯ ಸುದ್ದಿ ಮಾತಾಡುತ್ತಿದ್ದೆವು. ಅವಳು ಶಾಲೆಯಲ್ಲಿದ್ದಾಗ ಒಂದು ವರ್ಷ ಅವರಪ್ಪನ ಹಿಂಡಿನಲ್ಲಿ ಗಬ್ಬದ ಕುರಿಗಳು ಒಂದರ ಹಿಂದೊಂದು ತಿಂಗಳು ತುಂಬದ ಮರಿ ಹಾಕಿದ್ದವಂತೆ. ಅವ್ವ ಸತ್ತ ಮರಿಗಳನ್ನು ಬುಟ್ಟಿಯಲ್ಲಿ ಹೊತ್ತು ಹಳ್ಳದ ದಂಡೆಗೆ ಹೋಗಿ ಹುಗಿಯುತ್ತಿದ್ದಳಂತೆ. ಯಾರೋ ಮಾಟ ಮಾಡಿಸಿದ್ದಾರೆಂದು ಅಪ್ಪ ಹಿಂಡನ್ನೇ ಮಾರಲು ಹೊರಟಿದ್ದನಂತೆ. ಕಾಲೇಜಿಗೆ ಬಂದ ಮೇಲೆ ಒಂದು ಪಾಠದಲ್ಲಿ ಈ ರೋಗದ ಹೆಸರು ಓದಿ, ಇದೇ ಇರಬಹುದಲ್ಲ ಅನ್ನಿಸಿತಂತೆ.

"ನಮ್ಮಪ್ಪ ಈಗೂ ಕೇಳತಾನರಿ, ಲಸಿಕಿ ಯಾವಾಗ ತರತೀ ಅಂತ," ಎಂದಳು.

ಆ ಲಸಿಕೆಯ ಪ್ರಯೋಗ ಇಲಿಗಳ ಮೇಲೆ ನಡೆಯುತ್ತಿತ್ತು. ಕೆಲವು ಇಲಿಗಳಿಗೆ ಆ ಪ್ರೋಟೀನಿನ ಚುಚ್ಚುಮದ್ದು, ಕೆಲವಕ್ಕೆ ಬರೀ ಉಪ್ಪುನೀರು. ಆಮೇಲೆ ಎಲ್ಲಕ್ಕೂ ಜೀವಂತ ರೋಗ. ಒಂದು ದಿನ ನಾನು ಹೋದಾಗ ಅವಳು ರಕ್ತ ತೆಗೆಯಲಿಲ್ಲ. ಕುರ್ಚಿಯಲ್ಲಿ ಸುಮ್ಮನೆ ಕುಳಿತಿದ್ದಳು.

"ಏನಾತು?"

"ಲಸಿಕಿ ಹಾಕದ ಇಲಿ ಎಲ್ಲಾ ವಾರದಾಗ ಸತ್ತವರಿ. ಹಾಕಿದ್ದು ಒಂದಿಷ್ಟು ದಿನ ಹೆಚ್ಚಿಗಿ ಬದುಕಿದ್ವು. ಆಮ್ಯಾಲ ಅವೂ ಹೋದ್ವು."

"ಎಲ್ಲಾ?"

"ಒಂದೆರಡು ಉಳದಾವು. ನೋಡತೀರೇನು?"

ಗಾಜಿನ ಬಾಗಿಲ ಆಚೆ ಪಂಜರದಲ್ಲಿ ಎರಡು ಬಿಳಿ ಇಲಿಗಳು ಮೂಲೆಯಲ್ಲಿ ಬೆನ್ನು ಗೂನು ಮಾಡಿಕೊಂಡು ಕುಳಿತಿದ್ದವು. ರೋಮ ನಿಗುರಿತ್ತು. ಇವು ಉಳಿದದ್ದೂ ಪೂರಾ ಉಳಿದಂತೆ ಅಲ್ಲ ಎಂದಳು ಹುಡುಗಿ. ರೋಗದ ಜೀವಿ ಬೇಗ ಬೆಳೆಯುವಾಗ ಮೈಮೇಲೆ ಒಂದು ಬಗೆಯ ಪ್ರೋಟೀನು ಇರುತ್ತದೆ. ಲಸಿಕೆ ದೇಹಕ್ಕೆ ಅದನ್ನು ಗುರುತಿಸಲು ಕಲಿಸುತ್ತದೆ. ಆದರೆ ಅದು ಮೆದುಳಿಗೆ, ಕಣ್ಣಿಗೆ ಹೋಗಿ ಗೂಡು ಕಟ್ಟಿಕೊಂಡು ಮಲಗಿದಾಗ ಮೈಮೇಲಿನದ್ದೆಲ್ಲ ಬದಲಾಗಿರುತ್ತದೆ. ಆಗ ದೇಹಕ್ಕೆ ಗುರುತು ಸಿಗುವುದಿಲ್ಲ. ಔಷಧವೂ ಆ ಗೂಡಿನೊಳಗೆ ಮುಟ್ಟುವುದಿಲ್ಲ.

"ಹಂಗಾದ್ರ ನನ್ನ ಮಗಳೊಳಗ?"

ಅವಳೊಳಗೂ ಅದು ಹಾಗೇ ಮಲಗಿದೆ ಎಂದು ನನಗೆ ಮೊದಲೇ ಗೊತ್ತಿತ್ತು, ಕಣ್ಣಿನ ಡಾಕ್ಟರರು ಹೇಳಿದ್ದರು. ಆದರೂ ಕೇಳಿದ್ದೆ.

ಆ ದಿನಗಳಲ್ಲೇ ಅತ್ತೆ ಎರಡನೆಯ ಮಗುವಿನ ಮಾತು ತೆಗೆದಿದ್ದರು. ಒಮ್ಮೆ ಈ ಸೋಂಕು ಬಂದುಹೋದ ಗಟ್ಟಿಮುಟ್ಟಾದ ಹೆಂಗಸಿಗೆ ಮುಂದಿನ ಬಸಿರಿನಲ್ಲಿ ಸಾಮಾನ್ಯವಾಗಿ ಭಯವಿಲ್ಲ, ಅವಳ ದೇಹವೇ ಕೂಸನ್ನು ಕಾಯುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಅದು ಧೈರ್ಯದ ಮಾತು. ನನಗೆ ಮಾತ್ರ ಅದನ್ನು ಕೇಳಿದಾಗ ಮೈ ಉರಿಯಿತು. ಇಲಿಗಳಿಗೆ ಸಿಗದ ರಕ್ಷಣೆ ನನಗೆ ಸಿಕ್ಕಿದೆ, ಮೊದಲನೆಯವಳ ಕಣ್ಣಿನ ಬೆಲೆಗೆ. ನನ್ನವರಿಗೆ ಹೇಳಿದೆ, ಅವರು ನನ್ನ ಕೈ ಹಿಡಿದುಕೊಂಡರು. ನಮಗೆ ಇನ್ನೊಂದು ಮಗು ಆಗಲಿಲ್ಲ. ನಾವು ಬೇಡ ಅಂದುಕೊಂಡೆವು.

ಮಗಳಿಗೆ ಏಳು ನಡೆಯುತ್ತಿದ್ದಾಗ ಒಂದು ಮುಂಜಾನೆ ಅವಳು ಹಾಲಿನ ಲೋಟ ಹಿಡಿದು, "ಅವ್ವಾ, ಹೊಗಿ ಬಿಟ್ಟಾರೇನು ಮನ್ಯಾಗ?" ಎಂದು ಕೇಳಿದಳು.

ಮನೆಯಲ್ಲಿ ಹೊಗೆ ಇರಲಿಲ್ಲ.

ಬಲಗಣ್ಣಿನ ಹಳೆಯ ಕಲೆಯ ಅಂಚಿನಲ್ಲಿ ಮಲಗಿದ್ದದ್ದು ಎದ್ದಿತ್ತು. ಮತ್ತೆ ಅದೇ ಕಹಿ ಮಾತ್ರೆ, ಈ ಸಲ ಪುಡಿ ಮಾಡಬೇಕಾಗಿರಲಿಲ್ಲ, ಅವಳೇ ನುಂಗುತ್ತಿದ್ದಳು. ಬಾವು ಇಳಿಯಿತು. ಆದರೆ ಇಳಿಯುವ ಹೊತ್ತಿಗೆ ಕಲೆ ನಡುವಿಗೆ ಹಬ್ಬಿತ್ತು. ಅವಳಿಗೆ ಈಗ ಬೆಳಕು ಕತ್ತಲೆ ತಿಳಿಯುತ್ತದೆ, ಯಾರೋ ಎದುರಿಗೆ ನಿಂತಿದ್ದಾರೆ ಎಂದು ತಿಳಿಯುತ್ತದೆ. ಯಾರೆಂದು ತಿಳಿಯುವುದು ದನಿಯಿಂದ. ಕೆಲವು ದಿನ ಅವಳು ಚಿತ್ರದ ಪುಸ್ತಕವನ್ನು ಕಣ್ಣಿಗೆ ಒತ್ತಿ ಹಿಡಿದು ಕುಳಿತಿರುತ್ತಿದ್ದಳು, ಮೂಗು ಪುಟಕ್ಕೆ ತಾಗುವಂತೆ. ಒಂದು ದಿನ ಅದನ್ನು ಮಡಚಿ ನನ್ನ ಕೈಗೆ ಕೊಟ್ಟಳು. "ಇದು ಬ್ಯಾಡ ಅವ್ವಾ. ನೀ ಓದಿ ಹೇಳು." ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ.

ಪ್ರಯೋಗಾಲಯದ ಹುಡುಗಿ ಸುದ್ದಿ ಕೇಳಿ ಬಂದಳು, ಮಗಳ ಹತ್ತಿರ ಕುಳಿತು ಬಹಳ ಹೊತ್ತು ಮಾತಾಡಿ ಹೋದಳು. ರಕ್ತದ ಮಾತು ಎತ್ತಲಿಲ್ಲ. ಕೆಲವು ತಿಂಗಳ ಮೇಲೆ ಫೋನ್ ಮಾಡಿದಳು. ದನಿಯಲ್ಲಿ ಹಿಂಜರಿಕೆ ಇತ್ತು.

"ಅಕ್ಕಾರ, ಒಂದು ಮಾತು ಕೇಳಬೇಕಾಗೈತ್ರಿ. ನಿಮಗ ಬ್ಯಾಡ ಅನಿಸಿದ್ರ ಬ್ಯಾಡ ಅನ್ರಿ."

ನಂದಗಡದಲ್ಲಿ ಅವರ ಓಣಿಯದೇ ಒಂದು ಮನೆ. ಚೊಚ್ಚಲ ಹೆರಿಗೆಯಾದ ಸೊಸೆ. ಬಸಿರಿನಲ್ಲಿ ಆಕೆ ಮಾವನ ಕುರಿಗಳ ಸತ್ತ ಮರಿ ಎತ್ತಿಹಾಕಿದ್ದಳು. ಅದು ತಿಳಿದು ಹುಡುಗಿ ತಾಯಿ ಕೂಸಿನ ರಕ್ತ ಎರಡನ್ನೂ ತನ್ನ ಪರೀಕ್ಷೆಗೆ ಹಚ್ಚಿದ್ದಳು. ಹಳೆಯ ಪರೀಕ್ಷೆ ನನ್ನ ಮಗಳದರಂತೆಯೇ ಹೇಳಿತ್ತು, ತಾಯಿಯದಿರಬಹುದು ಎಂದು. ಹೊಸದರಲ್ಲಿ ಇಬ್ಬರದೂ ಬೇರೆ ಬೇರೆ ನಮೂನೆ. ಅದು ಇನ್ನೂ ಒಪ್ಪಿಗೆಯಾದ ಪರೀಕ್ಷೆಯಲ್ಲ. ಡಾಕ್ಟರರು ದೊಡ್ಡ ಊರಿಗೆ ರಕ್ತ ಕಳಿಸಿ ಮತ್ತೆ ನೋಡಿಸಿದ್ದರು, ಅಲ್ಲಿಯೂ ಅದೇ ಬಂತು. ಔಷಧ ಶುರು ಮಾಡಬೇಕು. ಆದರೆ ಮನೆಯವರು ಒಪ್ಪುತ್ತಿಲ್ಲ. ಕೂಸು ದುಂಡಗೆ ಚೆನ್ನಾಗಿದೆ, ಅಂಥ ಕೂಸಿಗೆ ವರ್ಷಪೂರ್ತಿ ಕಡಕ್ ಮಾತ್ರೆ ಯಾಕೆ ಎನ್ನುತ್ತಾರೆ.

"ನೀವು ಬಂದು ಹೇಳಿದ್ರ ಕೇಳಬಹುದರಿ," ಎಂದಳು.

"ಮಗಳನ್ನ ಕರಕೊಂಡ ಬರ್ಲಿ?" ಎಂದು ಕೇಳಿದೆ.

ಹುಡುಗಿ ಕರೆತನ್ನಿ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ.

ರವಿವಾರ ಬಸ್ಸಿನಲ್ಲಿ ಹೋದೆವು, ನಾನು ಮತ್ತು ಮಗಳು. ಖಾನಾಪುರ ದಾಟಿದ ಮೇಲೆ ಕಿಟಕಿಯಿಂದ ಸಗಣಿ, ಒದ್ದೆ ಹುಲ್ಲಿನ ವಾಸನೆ ಬಂದು ಅವಳು ಖುಷಿಯಾಗಿದ್ದಳು. ಹುಡುಗಿ ನಿಲ್ದಾಣಕ್ಕೆ ಬಂದು ನಮ್ಮನ್ನು ಆ ಮನೆಗೆ ಕರೆದೊಯ್ದಳು. ಕಂಬಳಿ ಹಾಸಿ ಕೂರಿಸಿದರು. ಸೊಸೆ ಇಪ್ಪತ್ತರ ಆಚೀಚೆಯ ಹುಡುಗಿ, ಕೂಸನ್ನು ಸೆರಗಿನಲ್ಲಿ ಸುತ್ತಿ ಹಿಡಿದಿದ್ದಳು. ಅವಳ ಅತ್ತೆ ಗೋಡೆಗೆ ಒರಗಿ ನಿಂತಿದ್ದಳು.

ನಾನು ಹೇಳಲು ಶುರು ಮಾಡಿದೆ. ಹುಟ್ಟಿದಾಗ ನನ್ನ ಮಗಳೂ ಚೆನ್ನಾಗಿದ್ದಳು ಎಂದೆ. ಅಷ್ಟರಲ್ಲಿ ಚಹಾ ಬಂತು. ಮಗಳ ಮುಂದೆ ಬಶಿಯಲ್ಲಿ ಚಹಾ ಇಟ್ಟರು. ಅವಳು ಕೈ ಚಾಚಿ ನೆಲ ಸವರಿದಳು. ಬಶಿ ಪಕ್ಕಕ್ಕಿತ್ತು. ಮತ್ತೆ ಸವರಿದಳು. ಎಲ್ಲರೂ ಅವಳ ಕೈಯನ್ನೇ ನೋಡುತ್ತಿದ್ದರು. ನಾನು ಮುಂದೆ ಬಾಗಿ ಬಶಿ ಸರಿಸಬಹುದಾಗಿತ್ತು. ನನ್ನ ಮೈ ಏಳಲಿಲ್ಲ. ಗೋಡೆಗೆ ಒರಗಿದ್ದ ಅತ್ತೆಯೇ ಬಂದು ಕುಕ್ಕರುಗಾಲಲ್ಲಿ ಕುಳಿತು ಬಶಿ ಎತ್ತಿ ಅವಳ ಬಾಯಿಗೆ ಹಿಡಿದಳು.

"ಕುಡಿ ನನ್ನವ್ವಾ. ಬಿಸಿ ಇಲ್ಲ."

ಸೊಸೆ ಅಳತೊಡಗಿದಳು. ಕೂಸೂ ಎದ್ದು ಅತ್ತಿತು. ಆಮೇಲೆ ನಾನು ಹೇಳಬೇಕಾದದ್ದು ಏನೂ ಉಳಿದಿರಲಿಲ್ಲ.

ತಿರುಗಿ ಬರುವಾಗ ಬಸ್ಸಿನಲ್ಲಿ ಮಗಳು ಕೇಳಿದಳು: "ಅವ್ವಾ, ಆ ಅಕ್ಕ ಯಾಕ ಅತ್ಲು?"

"ಅಕಿ ಕೂಸಿಗೆ ಆರಾಮಿಲ್ಲ."

"ನನ್ನಂಗ ಏನು?"

"ಹೂಂ."

ನನ್ನ ಕಡೆ ಮುಖ ತಿರುಗಿಸಿ, "ನನ್ನ ತೋರಸಾಕ ಕರಕೊಂಡ ಹೋಗಿದ್ದೇನು?" ಎಂದಳು.

ಅವಳಿಗೆ ಅಷ್ಟು ತಿಳಿಯುತ್ತದೆ ಎಂದು ನಾನು ಎಣಿಸಿರಲಿಲ್ಲ. ಹೌದು ಎಂದೆ. ಅವಳು ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗಿದಳು. ಸಿಟ್ಟು ಬಂದಿತ್ತೋ ನಿದ್ದೆ ಬಂದಿತ್ತೋ, ಮುಖ ಕಾಣುತ್ತಿರಲಿಲ್ಲ. ಬೆಳಗಾವಿ ಬರುವ ತನಕ ಅವಳ ಕಿವಿಯ ಹಿಂದಿನ ಕೊಳವೆಯ ಉಬ್ಬನ್ನು ಸವರುತ್ತಾ ಕುಳಿತಿದ್ದೆ.

ಆ ಕೂಸಿಗೆ ಮರುದಿನವೇ ಔಷಧ ಶುರುವಾಯಿತು. ಹುಡುಗಿಯ ಸಂಶೋಧನೆಗೆ ಬರುತ್ತಿದ್ದ ಅನುದಾನ ಅದೇ ವರ್ಷ ನಿಂತಿತು. ಅವಳು ಪ್ರಬಂಧ ಒಪ್ಪಿಸಿ, ಬೇರೆ ಊರಿನ ಕಾಲೇಜೊಂದರಲ್ಲಿ ಪಾಠ ಹೇಳಲು ಹೋದಳು. ಪರೀಕ್ಷೆ ಆಸ್ಪತ್ರೆಗಳಿಗೆ ಬರಲಿಲ್ಲ. ಲಸಿಕೆ ಇಲಿಗಳನ್ನು ದಾಟಲಿಲ್ಲ. ಹೋಗುವ ಮುಂಚೆ ಹೇಳಲು ಬಂದಾಗ, "ಮತ್ತ ಯಾರರ ಮಾಡತಾರರಿ ಅಕ್ಕಾರ, ಬ್ಯಾರೆ ಬ್ಯಾರೆ ಕಡೆ ಮಾಡಾಕತ್ತಾರ," ಎಂದಳು. ಅತ್ತೆ ಅವಳಿಗೆ ಕುಂಕುಮ ಹಚ್ಚಿ ಕುಪ್ಪಸದ ಬಟ್ಟೆ ಕೊಟ್ಟರು.

ನಂದಗಡದ ಆ ತಾಯಿ ಮಾತ್ರ ನನ್ನ ಫೋನ್ ನಂಬರು ಇಟ್ಟುಕೊಂಡಿದ್ದಳು. ಕೂಸಿಗೆ ವರ್ಷವಾಗುತ್ತಾ ಬಂದಾಗ ಕಣ್ಣು ತೋರಿಸಲು ಬೆಳಗಾವಿಗೆ ಬಂದಳು, ಜೊತೆಗೆ ನಾನು ಇರಬೇಕೆಂದು ಕೇಳಿಕೊಂಡಳು. ನಮ್ಮ ಡಾಕ್ಟರರ ಬಳಿಗೇ ಹೋದೆವು. ಅವರು ದೀಪ ಹಿಡಿದು ನೋಡುವಷ್ಟು ಹೊತ್ತೂ ಆಕೆ ನನ್ನ ಮಣಿಕಟ್ಟು ಹಿಡಿದುಕೊಂಡಿದ್ದಳು. ಒಂದು ಕಣ್ಣಿನಲ್ಲಿ ಸಣ್ಣ ಕಲೆ, ತೀರ ಅಂಚಿನಲ್ಲಿ. ಇನ್ನೊಂದು ಸ್ವಚ್ಛ. ತಲೆ ಸರಿಯಾಗಿ ಬೆಳೆಯುತ್ತಿದೆ. ಮುಂದೆ ಏನಾಗುತ್ತದೆಂದು ಯಾರೂ ಬರೆದುಕೊಡಲಾರರು, ವರ್ಷಕ್ಕೆರಡು ಸಲ ತೋರಿಸಬೇಕು ಎಂದರು ಡಾಕ್ಟರರು. ಆದರೆ ಈಗ ಕೂಸಿಗೆ ಕಣ್ಣು ಕಾಣಿಸುತ್ತಿದೆ.

ಹೊರಗೆ ಬಂದ ಮೇಲೆ ಆಕೆ ನನ್ನ ಕಾಲು ಮುಟ್ಟಲು ಬಾಗಿದಳು. ಹಿಡಿದು ಎಬ್ಬಿಸಿದೆ. ಸಂತೋಷವಾಗಿತ್ತು, ಇಲ್ಲವೆನ್ನಲಾರೆ. ಆದರೆ ಎದೆಯಲ್ಲಿ ಉರಿದದ್ದು ಸಂತೋಷವಷ್ಟೇ ಅಲ್ಲ. ಆ ಕೂಸು ತಾಯಿಯ ಕಿವಿಯೋಲೆ ಕಂಡು ಕೈ ಚಾಚಿ ಹಿಡಿದು ಎಳೆಯುತ್ತಿತ್ತು, ನಾನು ಬೇರೆ ಕಡೆ ನೋಡಿದೆ. ಅವಳನ್ನು ಬಸ್ಸಿಗೆ ಹತ್ತಿಸಿ, ಬಸ್ಸು ಹೊರಡುವುದನ್ನು ಕಾಯದೆ ಬಂದೆ.

ಮನೆಯಲ್ಲಿ ಅತ್ತೆ ಬಾಗಿಲಲ್ಲೇ ಕಾಯುತ್ತಿದ್ದರು.

"ಏನಂದ್ರು?"

"ಕಾಣತೈತ್ರಿ ಅತ್ತಿ ಅದಕ್ಕ. ಎರಡೂ ಕಣ್ಣು."

ಅವರು ಕೊರಳಿನ ಲಿಂಗ ಮುಟ್ಟಿಕೊಂಡರು. ಕಣ್ಣು ಮುಚ್ಚಿ ಏನೋ ಅಂದುಕೊಂಡರು. ಆಮೇಲೆ ಕೈ ಬಿಟ್ಟು, ನನ್ನನ್ನು ನೋಡದೆ, "ಒಳಗ ಹೋಗು. ನೀ ಬರೂತನಕ ಉಣ್ಣೂದಿಲ್ಲ ಅಂತ ಕುಂತಾಳ," ಎಂದರು.

ಒಳಗೆ ಹೋಗಿ, ಕೈ ತೊಳೆದುಕೊಂಡು, ಮಗಳಿಗೆ ಊಟಕ್ಕೆ ಬಡಿಸಿದೆ.